ಕಫ ಹೇಳುವ ಸಾಕ್ಷ್ಯ



ನಾಲ್ಕು ಮಂದಿ ಕುಳಿತ ಕಡೆ ಎತ್ತಬಾರದೆಂದು ನಾವು ಬಗೆದಿರುವ ಕೆಲವು ಮಾತುಗಳುಂಟು. ಅಂಥದೊಂದನ್ನು ಈ ಹೊತ್ತು ನಾನು ಎತ್ತಿಕೊಂಡಿದ್ದೇನೆ. ಅದು ಕಫ. ಕೆಮ್ಮಿದಾಗ ಎದೆಯಿಂದ ಮೇಲಕ್ಕೆ ಬರುವ, ಬಂದೊಡನೆ ಮುಖ ತಿರುಗಿಸಿಕೊಂಡು ನಾವು ಉಗಿದುಬಿಡುವ, ಉಗಿದ ಮೇಲೆ ಮತ್ತೆ ಆ ಕಡೆ ಕಣ್ಣು ಹಾಯಿಸದ ವಸ್ತು. ತಟ್ಟೆಯ ಮುಂದೆ ಕುಳಿತು ರೇಡಿಯೋ ಕೇಳುತ್ತಿರುವವರು ಯಾರಾದರೂ ಇದ್ದರೆ ಅವರು ನನ್ನನ್ನು ಕ್ಷಮಿಸಬೇಕು.

ಜೀವಮಾನವೆಲ್ಲ ಕನ್ನಡ ಪಾಠ ಹೇಳಿಕೊಂಡು ಬಂದವನಿಗೆ ಕಫದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಮ್ಮ ಭಾಷೆ ಬಾಯಿ ಮೂಗುಗಳ ದ್ರವಗಳನ್ನು ಎಷ್ಟು ನಿಷ್ಕೃಷ್ಟವಾಗಿ ಬೇರೆಬೇರೆ ಮಾಡಿಟ್ಟಿದೆ ಎಂಬುದನ್ನು ಗಮನಿಸಿ. ಮಗುವಿನ ಬಾಯಿಂದ ಇಳಿಯುವುದು ಜೊಲ್ಲು. ತಿಂದ ಬಾಯಿ ಸೋಕಿದ್ದು ಎಂಜಲು. ಬಾಯಿಂದ ಹೊರಕ್ಕೆ ಹಾಕುವುದು ಉಗುಳು. ಮೂಗಿನದು ಸಿಂಬಳ. ಎದೆಯಾಳದಿಂದ ಕೆಮ್ಮಿ ತೆಗೆದದ್ದು ಕಫ. ಹಳ್ಳಿಯ ಅಜ್ಜಿಯೂ ಇವುಗಳಲ್ಲಿ ಒಂದನ್ನು ಇನ್ನೊಂದೆಂದು ತಪ್ಪಿ ಹೇಳುವುದಿಲ್ಲ. ಆದರೆ ರೋಗಗಳನ್ನು ಹೆಸರಿಸುವಾಗ ನಮ್ಮ ಮಾತಿಗೆ ಈ ನಿಷ್ಕೃಷ್ಟತೆ ಉಳಿಯುವುದಿಲ್ಲ. ಉಸಿರು ಕಟ್ಟಿ ಎದೆ ಸಿಳ್ಳೆ ಹಾಕಿದರೆ ಉಬ್ಬಸ ಎನ್ನುತ್ತೇವೆ, ಗೂರಲು ಎನ್ನುತ್ತೇವೆ, ದಮ್ಮು ಎನ್ನುತ್ತೇವೆ. ವೈದ್ಯರು ಅಸ್ತಮಾ ಎನ್ನುತ್ತಾರೆ. ಅದೂ ಏದುಸಿರು ಎಂಬ ಅರ್ಥದ ಹಳೆಯ ಗ್ರೀಕ್ ಮಾತೇ. ಇವೆಲ್ಲ ಹೊರಗೆ ಕೇಳಿಸುವ ಸದ್ದಿಗೆ, ಕಾಣಿಸುವ ಕಷ್ಟಕ್ಕೆ ಇಟ್ಟ ಹೆಸರುಗಳು. ಒಳಗೆ ಏನು ನಡೆದಿದೆ ಎಂಬುದನ್ನು ಇವುಗಳಲ್ಲಿ ಒಂದೂ ಹೇಳುವುದಿಲ್ಲ. ಒಂದೇ ಹೆಸರಿನ ಮರೆಯಲ್ಲಿ ನಾಲ್ಕು ರೋಗಗಳು ಅಡಗಿದ್ದರೆ, ಹೆಸರನ್ನು ನೋಡಿ ಮದ್ದು ಕೊಡುವ ವೈದ್ಯ ಒಬ್ಬ ರೋಗಿಯನ್ನು ಗುಣಪಡಿಸಿ ಮೂವರನ್ನು ಕೈಬಿಟ್ಟಂತಾಗುತ್ತದೆ. ಹೆಸರಿನ ಹಿಂದೆ ಇರುವ ವಸ್ತುವನ್ನು ಕಾಣಲು ಈಚಿನ ವಿಜ್ಞಾನಿಗಳು ಹಿಡಿದಿರುವ ದಾರಿಗಳಲ್ಲಿ ಒಂದು, ನಾವು ಹೇಸಿ ಉಗಿಯುವ ಈ ಕಫದಲ್ಲಿರುವ ಪ್ರೋಟೀನುಗಳ ಪರಿಶೀಲನೆ. ಅದರ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂಬುದು ನನ್ನ ಉದ್ದೇಶ.

ಮೊದಲು ಕಫವೆಂದರೇನು ಎಂಬುದನ್ನು ನೋಡೋಣ. ನಾವು ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಲೀಟರಿನಷ್ಟು ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತೇವೆ. ಅದರೊಡನೆ ಧೂಳು, ಹೊಗೆ, ಪರಾಗ, ರೋಗಾಣು ಎಲ್ಲವೂ ಒಳಗೆ ಬರುತ್ತವೆ. ಶ್ವಾಸನಾಳದ ಒಳಗೋಡೆ ಒಂದು ತೆಳುವಾದ ಅಂಟುದ್ರವವನ್ನು ಹರಡಿಟ್ಟುಕೊಂಡು ಇವನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಬತ್ತದ ಗದ್ದೆ ತೂಗುವಂತೆ ಅವು ಒಂದೇ ದಿಕ್ಕಿಗೆ ತೂಗುತ್ತ, ಆ ದ್ರವವನ್ನು ಮೆಲ್ಲಗೆ ಗಂಟಲಿನ ಕಡೆಗೆ ಸಾಗಿಸುತ್ತಿರುತ್ತವೆ. ಆರೋಗ್ಯವಿದ್ದಾಗ ನಮಗೆ ಅರಿವಿಲ್ಲದಂತೆಯೇ ಅದನ್ನು ನುಂಗಿಬಿಡುತ್ತೇವೆ. ಈ ದ್ರವ ಹೆಚ್ಚಿದಾಗ, ದಪ್ಪವಾದಾಗ, ಬಿಳಿರಕ್ತಕಣಗಳಿಂದಲೂ ಅವುಗಳ ಅವಶೇಷಗಳಿಂದಲೂ ತುಂಬಿಕೊಂಡಾಗ ಅದು ಕಫವಾಗಿ ಹೊರಬರುತ್ತದೆ. ಅಂದರೆ ಕಫವು ಶ್ವಾಸಕೋಶದ ಕಸ ಮಾತ್ರವಲ್ಲ. ಅಲ್ಲಿ ನಡೆದ ಹೋರಾಟದ ಕುರುಹುಗಳನ್ನೆಲ್ಲ ಹೊತ್ತು ಬಂದ ಸಾಕ್ಷಿ.

ಈ ಸಾಕ್ಷಿಯನ್ನು ವಿಚಾರಿಸುವ ಕೆಲಸ ಇಂದು ನಿನ್ನೆಯದಲ್ಲ. ಚರಕಸಂಹಿತೆ ಕಾಸವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ: ವಾತ, ಪಿತ್ತ, ಕಫಗಳಿಂದ ಹುಟ್ಟಿದ ಮೂರು, ಎದೆಗೆ ಪೆಟ್ಟಾದ್ದರಿಂದ ಬಂದ ಒಂದು, ಕ್ಷಯದಿಂದ ಬಂದ ಇನ್ನೊಂದು. ಶ್ವಾಸರೋಗಗಳನ್ನೂ ಅದು ಐದಾಗಿ ಎಣಿಸುತ್ತದೆ. ನಮ್ಮ ಉಬ್ಬಸಕ್ಕೆ ಹತ್ತಿರವಾದದ್ದು ಅದರಲ್ಲಿ ತಮಕಶ್ವಾಸ. ಆಯುರ್ವೇದದ ತ್ರಿದೋಷಗಳಲ್ಲಿ ಒಂದಾದ ಕಫವೂ ಕೆಮ್ಮಿದಾಗ ಬರುವ ಕಫವೂ ಒಂದೇ ಅಲ್ಲ. ಆ ಚರ್ಚೆ ಇಲ್ಲಿ ಬೇಡ. ಕೆಮ್ಮು ಎಂಬ ಒಂದು ಮಾತಿನಡಿಯಲ್ಲಿ ಹಲವು ಸಂಗತಿಗಳಿವೆ ಎಂಬುದನ್ನು ಹಿಂದಿನವರೂ ಕಂಡಿದ್ದರು ಎಂಬಷ್ಟೇ ನನ್ನ ಅಭಿಪ್ರಾಯ. ಪ್ರಾಚೀನ ಗ್ರೀಸಿನ ವೈದ್ಯರೂ ಕಫದ ಬಣ್ಣವನ್ನು ನೋಡಿ ರೋಗದ ಗತಿಯನ್ನು ಊಹಿಸುತ್ತಿದ್ದರು.

ಊಹೆ ಪ್ರಮಾಣವಾದದ್ದು ಸೂಕ್ಷ್ಮದರ್ಶಕ ಬಂದ ಮೇಲೆ. ೧೮೮೨ರ ಮಾರ್ಚ್ ೨೪ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಕ್ ಕ್ಷಯರೋಗದ ರೋಗಾಣುವನ್ನು ತಾನು ಕಂಡುದಾಗಿ ಸಾರಿದ. ಅಲ್ಲಿಂದ ಮುಂದೆ ಗಾಜಿನ ಪಟ್ಟಿಯ ಮೇಲೆ ಕಫ ಸವರಿ, ಬಣ್ಣ ಕಟ್ಟಿ, ಕೆಂಪು ಕಡ್ಡಿಗಳಂತೆ ಕಾಣುವ ಆ ರೋಗಾಣುಗಳನ್ನು ಹುಡುಕುವುದು ಲೋಕದ ಎಲ್ಲ ಆಸ್ಪತ್ರೆಗಳ ವಾಡಿಕೆಯಾಯಿತು. ಈ ವಿಧಾನ ಹುಡುಕುವುದು ಹೊರಗಿನಿಂದ ಬಂದ ಶತ್ರುವನ್ನು. ಉಬ್ಬಸದಂಥ ರೋಗದಲ್ಲಿ ಹಾಗೆ ಬೆರಳಿಟ್ಟು ತೋರಿಸಬಹುದಾದ ಶತ್ರುವಿಲ್ಲ. ಧೂಳಿಗೋ ಪರಾಗಕ್ಕೋ ದೇಹವೇ ಅಳತೆಮೀರಿ ಕೆರಳಿ ತನ್ನ ನಾಳಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ, ಬಂದವರು ಯಾರು ಎಂಬುದಲ್ಲ. ಒಳಗಿನವರು ಏನು ಮಾಡುತ್ತಿದ್ದಾರೆ ಎಂಬುದು. ಒಳಗಿನವರ ಕೆಲಸವೆಲ್ಲ ನಡೆಯುವುದು ಪ್ರೋಟೀನುಗಳ ಮೂಲಕ.

ಪ್ರೋಟೀನು ಎಂದೊಡನೆ ಬೇಳೆ, ಹಾಲು, ಮೊಟ್ಟೆಗಳು ನೆನಪಾಗುವುದು ಸಹಜ. ಆದರೆ ದೇಹದ ಒಳಗೆ ಅವು ಬರಿಯ ಆಹಾರವಲ್ಲ, ಕೆಲಸಗಾರರು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ನಾನಾ ಕ್ರಮದಲ್ಲಿ ಸರಪಣಿಯಾಗಿ ಹೆಣೆದುಕೊಂಡು ಪ್ರೋಟೀನುಗಳಾಗುತ್ತವೆ. ಐವತ್ತು ಚಿಲ್ಲರೆ ಅಕ್ಷರಗಳಿಂದ ಕನ್ನಡದ ಎಲ್ಲ ಮಾತೂ ಆಗುವಂತೆ, ಆ ಇಪ್ಪತ್ತರಿಂದ ಇವೆಲ್ಲವೂ ಆಗುತ್ತವೆ. ಮನುಷ್ಯದೇಹದಲ್ಲಿ ಪ್ರೋಟೀನನ್ನು ಕಟ್ಟುವ ಆದೇಶಗಳೇ ಸುಮಾರು ಇಪ್ಪತ್ತು ಸಾವಿರ. ಎಲ್ಲ ಆದೇಶಗಳೂ ಎಲ್ಲ ಕಡೆಯೂ ಜಾರಿಯಲ್ಲಿರುವುದಿಲ್ಲ. ಯಾವ ಅಂಗದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಪ್ರೋಟೀನು ಎಷ್ಟಿದೆ ಎಂದು ತಿಳಿದರೆ ಆ ಅಂಗ ಆಗ ಮಾಡುತ್ತಿರುವ ಕೆಲಸವೇನೆಂದು ತಿಳಿದಂತೆ.

ಕಫದಂಥ ದ್ರವದಲ್ಲಿ ಬೆಲೆಯುಳ್ಳ ಪ್ರೋಟೀನು ಇದ್ದೀತೆಂಬ ಮಾತಿಗೆ ಹಳೆಯ ಪುರಾವೆಯೊಂದಿದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗನನ್ನು ಎಲ್ಲರೂ ಬಲ್ಲರು. ಅದಕ್ಕೆ ಆರು ವರ್ಷ ಮೊದಲು, ೧೯೨೨ರಲ್ಲಿ, ಆತ ನೆಗಡಿಯ ಸಿಂಬಳದಲ್ಲಿ ರೋಗಾಣುಗಳನ್ನು ಕರಗಿಸಿಬಿಡುವ ಒಂದು ಪ್ರೋಟೀನನ್ನು ಕಂಡು ಲೈಸೊಜೈಮ್ ಎಂದು ಹೆಸರಿಟ್ಟಿದ್ದ. ಇನ್ನೊಂದು ಉದಾಹರಣೆ ಕಫದ ಹಸಿರು ಬಣ್ಣ. ಆ ಬಣ್ಣ ನೇರವಾಗಿ ರೋಗಾಣುವಿನದೆಂದು ಬಹುಮಂದಿ ತಿಳಿದಿದ್ದಾರೆ. ಅದು ಬರುವುದು ಹೆಚ್ಚಾಗಿ ನಮ್ಮದೇ ಬಿಳಿರಕ್ತಕಣಗಳಲ್ಲಿರುವ ಒಂದು ಪ್ರೋಟೀನಿನಿಂದ. ೧೯೪೧ರಲ್ಲಿ ಸ್ವೀಡನ್ನಿನ ಆಗ್ನರ್ ಅದನ್ನು ಬೇರ್ಪಡಿಸಿದಾಗ ಅದರ ಬಣ್ಣವನ್ನೇ ಹೆಸರಿನಲ್ಲಿ ಸೇರಿಸಿ ವರ್ಡೋಪೆರಾಕ್ಸಿಡೇಸ್, ಅಂದರೆ ಹಸಿರು ಪೆರಾಕ್ಸಿಡೇಸ್, ಎಂದು ಕರೆದ. ಇಂದು ಅದನ್ನು ಮೈಲೋಪೆರಾಕ್ಸಿಡೇಸ್ ಎನ್ನುತ್ತಾರೆ. ಅಜ್ಜಿಯರು "ಕಫ ಹಸಿರಾಗಿದೆ, ಒಳಗೆ ಏನೋ ಆಗಿದೆ" ಎನ್ನುತ್ತಿದ್ದುದು ಹಾಗಾದರೆ ಪ್ರೋಟೀನು ಪರೀಕ್ಷೆಯ ಮೊದಲ ಪಾಠವೇ.

ಪ್ರಯೋಗಾಲಯದಲ್ಲಿ ಈ ಪರೀಕ್ಷೆ ನಡೆಯುವ ಬಗೆ ಹೀಗೆ. ರೋಗಿಗೆ ತಾನಾಗಿ ಕಫ ಬಾರದಿದ್ದರೆ ಉಪ್ಪುನೀರಿನ ಸೂಕ್ಷ್ಮ ತುಂತುರನ್ನು ಉಸಿರಿನ ಮೂಲಕ ಕೊಟ್ಟು ಕಫವನ್ನು ಬರಿಸುತ್ತಾರೆ. ಬಂದದ್ದರಲ್ಲಿ ಉಗುಳು ಯಾವುದು, ಎದೆಯ ಕಫ ಯಾವುದು ಎಂದು ನೋಡಿ ಕಫದ ಗಟ್ಟಿ ತುಣುಕುಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ನಾನು ಮೊದಲಲ್ಲಿ ಹೇಳಿದ ನಮ್ಮ ಭಾಷೆಯ ವಿವೇಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಉಗುಳಿನಲ್ಲಿ ಅದರದೇ ಆದ ಪ್ರೋಟೀನುಗಳಿವೆ. ಅವು ಬೆರೆತರೆ ಬಾಯಿಯ ಮಾತನ್ನು ಎದೆಯ ಮಾತೆಂದು ಓದುವ ಪ್ರಮಾದವಾಗುತ್ತದೆ. ಪ್ರಾಚೀನ ಕಾವ್ಯವನ್ನು ಸಂಪಾದಿಸುವವರಿಗೆ ಪ್ರಕ್ಷೇಪಗಳ ತೊಡಕು ಹೇಗೋ ಇವರಿಗೆ ಉಗುಳಿನ ತೊಡಕು ಹಾಗೆ.

ಕಫಕ್ಕೆ ಅಂಟುಗುಣ ಬರುವುದು ಮ್ಯೂಸಿನ್ ಎಂಬ ಭಾರಿ ಗಾತ್ರದ ಪ್ರೋಟೀನುಗಳಿಂದ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಂತಿರುವ ಇವನ್ನು ಒಂದು ರಾಸಾಯನಿಕದಿಂದ ಬಿಡಿಸಿ ಕಫವನ್ನು ನೀರಾಗಿಸುತ್ತಾರೆ. ಬಳಿಕ ಯಂತ್ರದಲ್ಲಿಟ್ಟು ವೇಗವಾಗಿ ತಿರುಗಿಸಿದರೆ ಜೀವಕೋಶಗಳು ತಳಕ್ಕೆ ಕೂರುತ್ತವೆ, ಪ್ರೋಟೀನುಗಳಿರುವ ತಿಳಿ ಮೇಲೆ ನಿಲ್ಲುತ್ತದೆ. ಒಂದೇ ಒಂದು ಪ್ರೋಟೀನನ್ನು ಅಳೆಯುವುದಾದರೆ ಅದನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯವೊಂದು ಸಾಕು. ಇರುವ ಪ್ರೋಟೀನುಗಳನ್ನೆಲ್ಲ ಒಟ್ಟಿಗೆ ತಿಳಿಯಬೇಕಾದರೆ ಅವನ್ನು ಕಿಣ್ವದಿಂದ ಚಿಕ್ಕ ಚೂರುಗಳಾಗಿ ಕತ್ತರಿಸಿ, ವಿದ್ಯುತ್ ಆವೇಶ ಕೊಟ್ಟು ಹಾರಿಸಿ, ಒಂದೊಂದು ಚೂರಿನ ತೂಕವನ್ನೂ ನಿಖರವಾಗಿ ಗುರುತುಹಾಕಿಕೊಳ್ಳುತ್ತಾರೆ. ಪ್ರೋಟೀನಿನಂಥ ದೊಡ್ಡ ಅಣುವನ್ನು ಹಾಳುಮಾಡದೆ ಹಾರಿಸುವ ಉಪಾಯಗಳನ್ನು ಕಂಡುಕೊಂಡ ಅಮೆರಿಕದ ಜಾನ್ ಫೆನ್, ಜಪಾನಿನ ಕೊಯಿಚಿ ತನಕಾ ಇವರಿಗೆ ೨೦೦೨ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಚೂರುಗಳ ತೂಕವನ್ನು ಗಣಕಯಂತ್ರ ತನ್ನಲ್ಲಿರುವ ಪಟ್ಟಿಯೊಡನೆ ಹೋಲಿಸಿ, ಇದು ಇಂಥ ಪ್ರೋಟೀನಿನ ಚೂರು ಎಂದು ಹೇಳುತ್ತದೆ. ಓಲೆಯ ಕಟ್ಟು ಬಿಚ್ಚಿಹೋಗಿ, ಗರಿಗಳು ಮುರಿದು ಬೆರೆತುಹೋಗಿರುವಾಗ, ಅರ್ಧ ಸಾಲು ಓದಿದ ವಿದ್ವಾಂಸರು "ಇದು ಭಾರತದ್ದು, ಇದು ಪುರಾಣದ್ದು" ಎಂದು ಬೇರೆಬೇರೆ ಇಡುವುದನ್ನು ಹಸ್ತಪ್ರತಿ ಭಂಡಾರಗಳಲ್ಲಿ ಕಂಡವರಿಗೆ ಈ ಕ್ರಮ ಅಪರಿಚಿತವೆನಿಸದು.

ಇದರಿಂದ ಲಭಿಸಿದ ತಿಳಿವಳಿಕೆ ಏನು? ಒಂದು ಹರಳಿನ ಕಥೆಯಿಂದ ತೊಡಗುತ್ತೇನೆ. ೧೮೫೩ರಲ್ಲಿ ಫ್ರಾನ್ಸಿನ ಶಾರ್ಕೊ ಮತ್ತು ರೋಬೆನ್ ಎಂಬ ವೈದ್ಯರು ರೋಗಿಯೊಬ್ಬನ ಅಂಗಾಂಶದಲ್ಲಿ ಎರಡೂ ತುದಿ ಚೂಪಾದ ಸೂಜಿಯಂಥ ಸಣ್ಣ ಹರಳುಗಳನ್ನು ಕಂಡರು. ೧೮೭೨ರಲ್ಲಿ ಜರ್ಮನಿಯ ಲೈಡೆನ್ ಅಂಥವನ್ನೇ ಉಬ್ಬಸ ರೋಗಿಗಳ ಕಫದಲ್ಲಿ ಕಂಡ. ಇಬ್ಬರ ಹೆಸರನ್ನೂ ಸೇರಿಸಿ ಶಾರ್ಕೊ-ಲೈಡೆನ್ ಹರಳುಗಳೆಂದು ಕರೆದರು. ಅನಂತರ ನೂರು ವರ್ಷಕ್ಕೂ ಹೆಚ್ಚು ಕಾಲ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಈ ಹೆಸರನ್ನು ಉರುಹೊಡೆದರು. ಅವು ಇಯೊಸಿನೊಫಿಲ್ ಎಂಬ ಒಂದು ಜಾತಿಯ ಬಿಳಿರಕ್ತಕಣದಿಂದ ಬಂದ, ಇಂದು ಗ್ಯಾಲೆಕ್ಟಿನ್-೧೦ ಎಂದು ಕರೆಯುವ ಪ್ರೋಟೀನಿನ ಹರಳುಗಳೆಂಬುದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪಷ್ಟವಾಯಿತು. ಆಗಲೂ ಅವನ್ನು ರೋಗ ಕಳೆದ ಮೇಲೆ ಉಳಿದ ಬೂದಿಯಂತೆ ಎಣಿಸುತ್ತಿದ್ದರು. ೨೦೧೯ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ಇಲಿಗಳ ಶ್ವಾಸಕೋಶದಲ್ಲಿ ಪ್ರಯೋಗ ಮಾಡಿ, ಕರಗಿದ ಸ್ಥಿತಿಯಲ್ಲಿ ಸುಮ್ಮನಿರುವ ಆ ಪ್ರೋಟೀನು ಹರಳುಗಟ್ಟಿದಾಗ ಉರಿಯೂತವನ್ನು ಕೆರಳಿಸುತ್ತದೆಂದೂ, ತಕ್ಕ ಪ್ರತಿಕಾಯದಿಂದ ಆ ಹರಳನ್ನು ಕರಗಿಸಬಹುದೆಂದೂ ತೋರಿಸಿದರು. ಬೂದಿಯೆಂದು ತಿಳಿದದ್ದರಲ್ಲಿ ಕೆಂಡವಿತ್ತು. ಅದು ಗೊತ್ತಾಗಲು ನೂರ ಅರವತ್ತಾರು ವರ್ಷ ಹಿಡಿಯಿತು.

ಇನ್ನು ಹೆಸರು ಮತ್ತು ವಸ್ತುವಿನ ಪ್ರಶ್ನೆ. ಉಬ್ಬಸವೆಂಬ ಒಂದೇ ಹೆಸರಿನವರಲ್ಲಿ ಕೆಲವರ ಕಫದಲ್ಲಿ ಇಯೊಸಿನೊಫಿಲ್ ಕಣಗಳು ತುಂಬಿರುತ್ತವೆ, ಮತ್ತೆ ಕೆಲವರಲ್ಲಿ ಅವು ಇರುವುದೇ ಇಲ್ಲ. ೧೯೫೮ರಲ್ಲಿ ಇಂಗ್ಲೆಂಡಿನ ಮಾರೊ ಬ್ರೌನ್ ಎಂಬ ವೈದ್ಯ, ಈ ಕಣಗಳಿದ್ದ ರೋಗಿಗಳಿಗೆ ಸ್ಟೀರಾಯ್ಡ್ ಮದ್ದು ಹಿಡಿಯುತ್ತದೆ, ಇಲ್ಲದವರಿಗೆ ಹಿಡಿಯುವುದಿಲ್ಲ ಎಂದು ಬರೆದ. ಬಹುಕಾಲ ಯಾರೂ ಅದಕ್ಕೆ ತಕ್ಕಷ್ಟು ಕಿವಿಗೊಡಲಿಲ್ಲ. ೨೦೦೨ರಲ್ಲಿ ಲೆಸ್ಟರ್ ನಗರದಲ್ಲಿ ೭೪ ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೂಢಿಯಂತೆ ಲಕ್ಷಣ ನೋಡಿ, ಇನ್ನೊಂದಕ್ಕೆ ಕಫದ ಕಣ ಎಣಿಸಿ ಚಿಕಿತ್ಸೆ ಕೊಟ್ಟರು. ವರ್ಷದಲ್ಲಿ ಮೊದಲ ಗುಂಪಿಗೆ ೧೦೯ ಸಲ ರೋಗ ಉಲ್ಬಣಿಸಿತು, ಎರಡನೆಯ ಗುಂಪಿಗೆ ೩೫ ಸಲ.

ಮುಂದಿನ ಹೆಜ್ಜೆ ಪ್ರೋಟೀನಿನದು. ಈ ಕಣಗಳನ್ನು ಬೆಳೆಸಿ ಕಾಪಾಡುವುದು ಇಂಟರ್‌ಲ್ಯೂಕಿನ್-೫ ಎಂಬ ಪ್ರೋಟೀನು. ಅದನ್ನು ಕಟ್ಟಿಹಾಕಲು ಮೆಪೊಲಿಜುಮಾಬ್ ಎಂಬ ಮದ್ದನ್ನು ಸಿದ್ಧಪಡಿಸಿದರು. ೨೦೦೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಬ್ಬಸವಿದ್ದ ೩೬೨ ಮಂದಿಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಮದ್ದು ಸೋತಿತೆಂದೇ ಬಹುಮಂದಿ ತಿಳಿದರು. ೨೦೦೯ರಲ್ಲಿ ಲೆಸ್ಟರಿನಲ್ಲಿ ೬೧, ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ೨೦ ರೋಗಿಗಳ ಮೇಲೆ ಅದೇ ಮದ್ದನ್ನು ಮತ್ತೆ ಪರೀಕ್ಷಿಸಿದರು. ಈ ಸಲ ಕಫದಲ್ಲಿ ಇಯೊಸಿನೊಫಿಲ್ ಇದ್ದವರನ್ನೇ ಆರಿಸಿಕೊಂಡಿದ್ದರು. ರೋಗ ಉಲ್ಬಣಿಸುವುದು ಎದ್ದು ಕಾಣುವಂತೆ ಇಳಿಯಿತು. ೨೦೧೫ರಲ್ಲಿ ಮದ್ದಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈಗ ರೋಗಿಗಳ ಆಯ್ಕೆ ಬಹುಪಾಲು ರಕ್ತಪರೀಕ್ಷೆಯಿಂದಲೇ ನಡೆಯುತ್ತದೆ. ಆದರೆ ದಾರಿ ತೋರಿಸಿದ್ದು ಕಫ. ಹೆಸರನ್ನು ನೋಡಿ ಕೊಟ್ಟಾಗ ವ್ಯರ್ಥವೆನಿಸಿದ ಮದ್ದು ವಸ್ತುವನ್ನು ನೋಡಿ ಕೊಟ್ಟಾಗ ಫಲಿಸಿತು. ನನ್ನ ಇಂದಿನ ಮಾತಿನ ತಿರುಳೆಲ್ಲ ಈ ಒಂದು ಸಂಗತಿಯಲ್ಲಿದೆ.

ಇನ್ನೊಂದು ಬಗೆಯ ಬಿಳಿರಕ್ತಕಣದ ಹೆಸರು ನ್ಯೂಟ್ರೊಫಿಲ್. ರೋಗಾಣುಗಳನ್ನು ನಾಶಮಾಡಲು ಅದು ಎಲಾಸ್ಟೇಸ್ ಎಂಬ ಪ್ರೋಟೀನನ್ನು ಬಳಸುತ್ತದೆ. ಅದು ಇಬ್ಬದಿಯ ಕತ್ತಿ. ಹೆಚ್ಚಾದರೆ ಶ್ವಾಸಕೋಶದ ನೆಯ್ಗೆಯನ್ನೇ ಕತ್ತರಿಸುತ್ತದೆ. ಅದಕ್ಕೆ ಒರೆಯಂತಿರುವುದು ರಕ್ತದಲ್ಲಿ ಬರುವ ಆಲ್ಫಾ-೧ ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು. ೧೯೬೩ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ರಕ್ತದ ಪ್ರೋಟೀನುಗಳ ಪಟ್ಟೆಗಳನ್ನು ನೋಡುತ್ತಿದ್ದಾಗ ಐದು ಮಂದಿಯಲ್ಲಿ ಒಂದು ಪಟ್ಟೆ ಮಾಯವಾಗಿದ್ದುದನ್ನು ಕಂಡರು. ಐವರಲ್ಲಿ ಮೂವರಿಗೆ ಶ್ವಾಸಕೋಶ ಶಿಥಿಲವಾಗುವ ರೋಗವಿತ್ತು. ಒರೆಯಿಲ್ಲದ ಕತ್ತಿ ಮಾಡುವ ಕೇಡು ಹೀಗೆ ಬೆಳಕಿಗೆ ಬಂತು. ಶ್ವಾಸನಾಳಗಳು ಹಿಗ್ಗಿಹೋಗಿ ದಿನವೂ ಬಹಳವಾಗಿ ಕಫ ಬರುವ ಬ್ರಾಂಕಿಯೆಕ್ಟಾಸಿಸ್ ಎಂಬ ರೋಗದಲ್ಲಿ, ಕಫದಲ್ಲಿ ಈ ಎಲಾಸ್ಟೇಸ್ ಹೆಚ್ಚಿದ್ದವರಿಗೆ ರೋಗ ಪದೇ ಪದೇ ಕೆರಳುತ್ತದೆಂದು ಈಚಿನ ಅಧ್ಯಯನಗಳು ತೋರಿಸಿವೆ. ಎಲಾಸ್ಟೇಸನ್ನು ಹರಿತಗೊಳಿಸುವ ಹಂತವನ್ನೇ ತಡೆಯುವ ಬ್ರೆನ್ಸೊಕಾಟಿಬ್ ಎಂಬ ಗುಳಿಗೆಯ ವಿಚಾರ ೨೦೨೦ರಲ್ಲಿ ಪ್ರಕಟವಾಯಿತು. ಅದು ಕೆಲಸ ಮಾಡುತ್ತಿದೆಯೆಂಬುದಕ್ಕೆ ಒಂದು ಪ್ರಮಾಣವಾಗಿ ಕಫದಲ್ಲಿ ಆ ಪ್ರೋಟೀನು ಇಳಿದುದನ್ನು ಅಳೆದಿದ್ದರು. ೨೦೨೫ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿಯೂ ದೊರೆಯಿತು.

ಇದೆಲ್ಲ ದೂರದ ದೇಶಗಳ ಮಾತಾಯಿತು, ನಮಗೇನು ಎಂದು ಅನಿಸಬಹುದು. ನಮ್ಮ ಸೋದರತ್ತೆಯೊಬ್ಬರು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತು, ಊದುಗೊಳವೆ ಹಿಡಿದು, ದೊಡ್ಡ ಸಂಸಾರಕ್ಕೆ ಅಡುಗೆ ಮಾಡಿದವರು. ಚಳಿಗಾಲ ಬಂತೆಂದರೆ ಅವರಿಗೆ ಕೆಮ್ಮು. ಕೆಮ್ಮು ಬಂದಾಗ ಕೊಟ್ಟಿಗೆಯ ಹಿಂದಕ್ಕೆ ಹೋಗುತ್ತಿದ್ದರು. ಹೆಂಗಸು ಹತ್ತು ಜನರೆದುರಿಗೆ ಕ್ಯಾಕರಿಸುವುದೆಂದರೆ ಮಾನ ಹೋಗುವ ವಿಷಯ. ಒಮ್ಮೆ ಊರಿಗೆ ಬಂದ ವೈದ್ಯರು "ಕಫ ಬರುತ್ತದೆಯೇ ಅಮ್ಮ?" ಎಂದು ಕೇಳಿದಾಗ "ಇಲ್ಲಪ್ಪ" ಎಂದುಬಿಟ್ಟರು. ಬೀಡಿ ಸಿಗರೇಟು ಮುಟ್ಟದ ಹೆಂಗಸಿಗೆ ಶ್ವಾಸಕೋಶದ ರೋಗ ಬಂದೀತೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಮಲಗಿ ನಿದ್ರೆ ಮಾಡಲಾರದೆ ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆಯುತ್ತಿದ್ದರು. ಅವರ ರೋಗಕ್ಕೆ ನಮ್ಮ ಮನೆಯಲ್ಲಿದ್ದ ಹೆಸರು "ಅತ್ತೆಯ ಕೆಮ್ಮು" ಎಂಬುದು.

ಇಂಥ ಅತ್ತೆಯಂದಿರು ಒಬ್ಬಿಬ್ಬರಲ್ಲ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಸಂಶೋಧಕರು ಮೈಸೂರು, ನಂಜನಗೂಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಅಡುಗೆಯ ಹೊಗೆಗೂ ಹೆಂಗಸರ ದೀರ್ಘಕಾಲದ ಕಫ-ಕೆಮ್ಮಿಗೂ ಇರುವ ಸಂಬಂಧವನ್ನು ಅಳೆದು ೨೦೧೩ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ, ಆ ಮೊತ್ತ ಅರವತ್ತನ್ನು ಮುಟ್ಟಿದರೆ ಅಪಾಯ ಗಣನೀಯವಾಗುತ್ತದೆಂದು ಅವರು ಕಂಡರು. ಎರಡು ಗಂಟೆಯಂತೆ ಮೂವತ್ತು ವರ್ಷವೆಂದರೆ ಅರವತ್ತಾಯಿತು. ನಮ್ಮ ಹಿಂದಿನ ತಲೆಮಾರಿನ ಗೃಹಿಣಿಯರು ಮೂವತ್ತು ವರ್ಷ ತುಂಬುವ ಮುಂಚೆಯೇ ಅದನ್ನು ದಾಟಿದ್ದರು. ೨೦೧೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಹೊಗೆಬತ್ತಿಯಿಂದ ಶ್ವಾಸಕೋಶ ತೀವ್ರವಾಗಿ ಕೆಟ್ಟವರ ಕಫದಲ್ಲಿ ಮ್ಯೂಸಿನ್ ಪ್ರೋಟೀನಿನ ಸಾಂದ್ರತೆ ಎಂದೂ ಸೇದದವರಲ್ಲಿ ಇರುವುದಕ್ಕಿಂತ ಸುಮಾರು ಎರಡರಷ್ಟಿರುವುದನ್ನು ತೋರಿಸಿತು. "ಕಫ ಕಟ್ಟಿದೆ" ಎಂಬ ನಮ್ಮ ಮನೆಮಾತು ಅಲ್ಲಿ ಅಂಕಿಯಾಗಿ ನಿಂತಿತು. ಒಲೆಯ ಹೊಗೆ ಮಾಡುವ ಕೇಡೂ ಹೊಗೆಬತ್ತಿಯ ಕೇಡೂ ಒಂದೇ ಬಗೆಯವೋ ಬೇರೆಬೇರೆಯೋ ಎಂಬುದು ನಮ್ಮ ನಾಡಿನ ಕಫವನ್ನೇ ಓದಿ ತೀರ್ಮಾನಿಸಬೇಕಾದ ಪ್ರಶ್ನೆ. ನಮ್ಮ ಹೆಂಗಸರ ಕಫವನ್ನು ಓದದೆ ಬೇರೆಯವರ ಕಫದಿಂದ ಕಂಡುಕೊಂಡ ಮದ್ದನ್ನು ನಮ್ಮವರಿಗೆ ಕೊಡುವುದು, ಮತ್ತೆ ಹೆಸರಿಗೇ ಮದ್ದು ಕೊಟ್ಟಂತೆ.

ಕ್ಷಯದ ಮಾತೂ ಹೀಗೆಯೇ. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲಿದ್ದಾರೆ. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಕಂಡು ಮಾತನಾಡಿಸಿ ೧೯೬೩ರಲ್ಲಿ ವರದಿ ಬರೆದರು. ಹಳ್ಳಿಯವರು ರೋಗವನ್ನು ಅಲಕ್ಷಿಸುತ್ತಾರೆ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆವರೆಗಿನ ಪಟ್ಟಣದವರ ನಂಬಿಕೆ. ಅವರು ಕಂಡದ್ದು ಬೇರೆ. ಅರ್ಧಕ್ಕೂ ಹೆಚ್ಚು ರೋಗಿಗಳು ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರ ಕಫವನ್ನು ನೋಡದೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳುಹಿಸುವುದು ವಾಡಿಕೆಯಾಗಿತ್ತು. ರೋಗಿ ಸಾಕ್ಷಿಯನ್ನು ಹೊತ್ತು ಬಾಗಿಲಿಗೆ ಬಂದಿದ್ದ, ಕೇಳುವವರಿರಲಿಲ್ಲ. ೧೯೬೨ರಲ್ಲಿ ಆರಂಭವಾದ ಜಿಲ್ಲಾ ಕ್ಷಯ ಕಾರ್ಯಕ್ರಮವು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಕಫಪರೀಕ್ಷೆ ನಡೆಯಬೇಕೆಂಬ ತತ್ತ್ವವನ್ನು ಹಿಡಿದುದರ ಹಿಂದೆ ಈ ಬಗೆಯ ತಿಳಿವಳಿಕೆಯಿತ್ತು.

ಸೂಕ್ಷ್ಮದರ್ಶಕಕ್ಕೆ ರೋಗಾಣು ಕಾಣಬೇಕಾದರೆ ಒಂದು ಮಿಲಿಲೀಟರು ಕಫದಲ್ಲಿ ಐದರಿಂದ ಹತ್ತು ಸಾವಿರ ರೋಗಾಣುಗಳಾದರೂ ಇರಬೇಕು. ಅದಕ್ಕಿಂತ ಕಡಮೆಯಿರುವುದನ್ನೂ ಹಿಡಿಯುವ ಜೀನ್ ಪರೀಕ್ಷೆಗಳು ಈಗ ಬಂದಿವೆ. ಅವುಗಳಲ್ಲಿ ಟ್ರೂನಾಟ್ ಎಂಬುದು ಬೆಂಗಳೂರಿನ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಆದರೆ ಸತ್ತ ರೋಗಾಣುವಿನ ಜೀನ್ ಕೂಡ ಕಫದಲ್ಲಿ ಕೆಲಕಾಲ ಉಳಿಯುವುದರಿಂದ, ಮದ್ದು ಹಿಡಿಯುತ್ತಿದೆಯೇ ಎಂಬುದನ್ನು ಆ ಪರೀಕ್ಷೆಯಿಂದ ಹೇಳುವುದು ಕಷ್ಟ. ಶ್ವಾಸಕೋಶ ತಣ್ಣಗಾಗುತ್ತಿದೆಯೇ, ಇನ್ನೂ ಉರಿಯುತ್ತಿದೆಯೇ ಎಂಬುದನ್ನು ದೇಹದ ಪ್ರೋಟೀನುಗಳು ಹೇಳಿಯಾವು ಎಂಬ ಆಸೆಯಿಂದ ಸಂಶೋಧನೆ ನಡೆದಿದೆ.

ಆಸೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಈ ವಿದ್ಯೆಯ ತೊಡಕುಗಳು ಸಣ್ಣವಲ್ಲ. ಕಫವನ್ನು ಹೊತ್ತಿಗೆ ಸರಿಯಾಗಿ ತಣ್ಣಗಿಟ್ಟು ಪರೀಕ್ಷಿಸದಿದ್ದರೆ ಅದರೊಳಗಿನ ಎಲಾಸ್ಟೇಸ್ ಮುಂತಾದವು ಉಳಿದ ಪ್ರೋಟೀನುಗಳನ್ನು ಡಬ್ಬಿಯಲ್ಲೇ ತಿಂದುಹಾಕುತ್ತವೆ. ಅಂಟನ್ನು ಬಿಡಿಸುವ ರಾಸಾಯನಿಕವೇ ಕೆಲವು ಪ್ರೋಟೀನುಗಳ ಆಕಾರ ಕೆಡಿಸುತ್ತದೆ. ಹೇರಳವಾಗಿರುವ ಪ್ರೋಟೀನುಗಳ ಗದ್ದಲದಲ್ಲಿ ವಿರಳವಾದದ್ದರ ದನಿ ಕೇಳಿಸದೆ ಹೋಗುತ್ತದೆ. ಒಬ್ಬರದೇ ಕಫ ಇಂದಿನಂತೆ ನಾಳೆ ಇರುವುದಿಲ್ಲ. ಒಂದು ಊರಿನಲ್ಲಿ ರೋಗದ ಗುರುತೆಂದು ಸಾರಿದ ಪ್ರೋಟೀನು ಇನ್ನೊಂದು ಊರಿನಲ್ಲಿ ಹಾಗೆ ನಡೆದುಕೊಳ್ಳದಿರುವುದೂ ಉಂಟು. ಪ್ರೋಟೀನುಗಳನ್ನೆಲ್ಲ ಒಟ್ಟಿಗೆ ಓದುವ ಯಂತ್ರಗಳು ದುಬಾರಿ. ಅವು ಸಂಶೋಧನಾಲಯಗಳಲ್ಲಿವೆಯೇ ಹೊರತು ತಾಲ್ಲೂಕು ಆಸ್ಪತ್ರೆಗಳಲ್ಲಿಲ್ಲ. ಪತ್ರಿಕೆಗಳಲ್ಲಿ ಬಂದ ಗುರುತುಗಳ ಪೈಕಿ ರೋಗಿಯ ಹಾಸಿಗೆಯವರೆಗೆ ತಲುಪಿದವು ಕೆಲವೇ. ಎಲಾಸ್ಟೇಸಿನಂಥ ಒಂದೆರಡನ್ನು ಸುಲಭವಾಗಿ, ಅಗ್ಗವಾಗಿ ಅಳೆಯುವಂತಾದರೆ ಅದೇ ದೊಡ್ಡ ಲಾಭ.

ಆದರೆ ಎಂಥ ಯಂತ್ರವೂ ತನ್ನ ಮುಂದಿಟ್ಟದ್ದನ್ನು ಮಾತ್ರ ಓದಬಲ್ಲದು. ಕೊಟ್ಟಿಗೆಯ ಹಿಂದೆ ಮಣ್ಣು ಮುಚ್ಚಿದ್ದನ್ನು ಯಾವ ವಿಜ್ಞಾನಿಯೂ ಓದಲಾರ. ನಾವು ಹೇಸಬೇಕಾದ್ದು ಬೀದಿಯಲ್ಲಿ, ಬಸ್ಸಿನ ಕಿಟಕಿಯಲ್ಲಿ, ಮೆಟ್ಟಿಲಿನ ಮೂಲೆಯಲ್ಲಿ ಉಗಿಯುವುದಕ್ಕೆ. ಅಲ್ಲಿ ನಾವು ಹೇಸುವುದಿಲ್ಲ. ವೈದ್ಯರ ಮುಂದೆ ಹೇಸುತ್ತೇವೆ. ಎರಡು ವಾರ ಮೀರಿ ಕೆಮ್ಮಿರುವ ತಾಯಿಯೋ ಅತ್ತೆಯೋ ಮನೆಯಲ್ಲಿದ್ದರೆ, ಕಫ ಬರುತ್ತದೆಯೇ ಎಂದು ಅವರನ್ನು ಏಕಾಂತದಲ್ಲಿ, ನಾಚಿಕೆಯಾಗದಂತೆ ಕೇಳಿ. ಒಮ್ಮೆ ಇಲ್ಲವೆಂದರೆ ಇನ್ನೊಮ್ಮೆ ಕೇಳಿ. ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಅವರು ಕಫ ತರಲು ಹೇಳಿ ಡಬ್ಬಿ ಕೊಟ್ಟರೆ, ಬೆಳಿಗ್ಗೆ ಎದ್ದೊಡನೆ ಬರಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಗಾಳಿಯಾಡುವ ಬಯಲಿನಲ್ಲಿ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದುಕೊಂಡು, ಎದೆಯಾಳದಿಂದ ಕೆಮ್ಮಿ ತೆಗೆದದ್ದನ್ನು ಅದರಲ್ಲಿ ಹಾಕಿ ಮುಚ್ಚಳ ಬಿಗಿಮಾಡಬೇಕು. ಡಬ್ಬಿಯಲ್ಲಿ ಇರಬೇಕಾದ್ದು ಉಗುಳಲ್ಲ, ಕಫ. ಇವೆರಡರ ವ್ಯತ್ಯಾಸವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.